ಅಳತೆಯ ಯಂತ್ರಗಳಿಗೆ ತಕ್ಕ ಕೇಬಲ್ಲು ಮತ್ತು ಕನೆಕ್ಟರುಗಳ ಆಯ್ಕೆ

(ಲೇಖಕರು: ವ್ಯವಸಾಯದ ಇನ್‌ಸ್ಪೆಕ್ಟರು, ಎಲ್. ಎಜಿ.)

ಈಚಿನ ವರ್ಷಗಳಲ್ಲಿ ನಮ್ಮ ಗ್ರಾಮಗಳಲ್ಲಿ ವಿದ್ಯುತ್ತಿನಿಂದ ನಡೆಯುವ ಅಳತೆಯ ಸಾಧನಗಳು ಬಹಳವಾಗಿ ಬಳಕೆಗೆ ಬಂದಿರುವುವು. ಹಾಲು ಉತ್ಪಾದಕರ ಸಹಕಾರ ಸಂಘಗಳಲ್ಲಿ ಹಾಲಿನ ತೂಕವನ್ನೂ, ಜನರು ಫ್ಯಾಟು ಎಂದು ಕರೆಯುವ ಜಿಡ್ಡಿನಂಶವನ್ನೂ ಯಂತ್ರಗಳು ಅಳೆದು ಕಂಪ್ಯೂಟರಿಗೆ ತಿಳಿಸುವುವು. ಅಡಿಕೆ, ದ್ರಾಕ್ಷಿ, ದಾಳಿಂಬೆಯ ತೋಟಗಳಲ್ಲಿ ಮಣ್ಣಿನೊಳಗೆ ಹೂಳಿದ ಸೆನ್ಸರುಗಳು ತೇವದ ಪ್ರಮಾಣವನ್ನು ಪಂಪುಮನೆಯ ಕಂಟ್ರೋಲರಿಗೆ ಮುಟ್ಟಿಸುವುವು. ಇಂಥ ಸಾಧನಗಳನ್ನು ಕೊಳ್ಳುವಾಗ ಯಜಮಾನರು ಯಂತ್ರದ ಬೆಲೆ, ಬಾಳಿಕೆ, ರಿಪೇರಿಯ ಹೊಣೆ ಮುಂತಾದವನ್ನು ಚೆನ್ನಾಗಿಯೇ ವಿಚಾರಿಸುವರು. ಆದರೆ ಒಂದು ಯಂತ್ರದಿಂದ ಇನ್ನೊಂದಕ್ಕೆ ಸುದ್ದಿಯನ್ನು ಸಾಗಿಸುವ ತಂತಿಯ ಮಾತು ಬಂದಾಗ “ಯಾವುದಾದರೊಂದು ವೈರು ಎಳೆದುಬಿಡಿ” ಎನ್ನುವವರೇ ಹೆಚ್ಚು. ಯಂತ್ರವು ಉತ್ತಮವಾಗಿದ್ದರೂ ತಂತಿಯೂ ಅದರ ಬೆಸುಗೆಯೂ ಕೆಟ್ಟದ್ದಾದರೆ ಅಳತೆಯು ನಿರುಪಯೋಗವಾಗುವುದೆಂಬುದನ್ನು ತಿಳಿಸಿ, ತಕ್ಕ ಕೇಬಲ್ಲನ್ನೂ ಕನೆಕ್ಟರನ್ನೂ ಆರಿಸುವ ಕ್ರಮವನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಉದಾಸೀನದಿಂದಾಗುವ ನಷ್ಟ

ತೋಟದ ಸೆನ್ಸರಿನ ತಂತಿ ಕಡಿದುಹೋದಾಗ ಕೆಲವು ಕಂಟ್ರೋಲರುಗಳು ಎಚ್ಚರಿಕೆಯನ್ನು ಕೊಡದೆ, ಕೊನೆಗೆ ಬಂದ ಅಂಕಿಯನ್ನೇ ತೋರಿಸುತ್ತಿರುವುದುಂಟು. ಹಿಂದಿನ ದಿನ ನೆಲವು ಹಸಿಯಾಗಿದ್ದಿತಾದರೆ ಇಂದಿಗೂ ಹಸಿಯೆಂದೇ ಭಾವಿಸಿ ವಾಲ್ವನ್ನು ತೆರೆಯುವುದಿಲ್ಲ. ಚೈತ್ರ ವೈಶಾಖದ ಬಿಸಿಲಿನಲ್ಲಿ ಹೀಗೆ ನಾಲ್ಕಾರು ದಿನ ನೀರು ತಪ್ಪಿದರೆ, ಅಡಿಕೆಯ ಹೊಂಬಾಳೆಗೂ ದಾಳಿಂಬೆಯ ಹೂವಿಗೂ ಒದಗುವ ಹಾನಿಯನ್ನು ಆ ವರ್ಷ ತುಂಬಿಕೊಳ್ಳುವುದು ಕಷ್ಟ.

ಹಾಲಿನ ಸಂಘದಲ್ಲಿ ನಷ್ಟದ ಸ್ವರೂಪ ಬೇರೆ. ಅನೇಕ ತೂಕದ ಯಂತ್ರಗಳು ಅಂಕಿಗಳನ್ನು ಸಾದಾ ಅಕ್ಷರಗಳಾಗಿ ಕಳುಹಿಸುವುವೇ ಹೊರತು, ದಾರಿಯಲ್ಲಿ ಕೆಟ್ಟಿತೇ ಇಲ್ಲವೇ ಎಂದು ತಾಳೆ ನೋಡುವ ಬಲವಾದ ಏರ್ಪಾಟು ಅವುಗಳಲ್ಲಿರುವುದಿಲ್ಲ. ತಂತಿ ಸಡಿಲವಾಗಿ ಒಂದು ಅಂಕಿ ತಪ್ಪಿದರೆ ಬಡ ರೈತನ ಲೆಕ್ಕವು ತಪ್ಪುವುದು. ಸಂಶಯವು ತಂತಿಯ ಮೇಲೆ ಬೀಳದೆ ಕಾರ್ಯದರ್ಶಿಯ ಮೇಲೆ ಬೀಳುವುದು. ಗ್ರಾಮದಲ್ಲಿ ಇದರಿಂದ ಹುಟ್ಟುವ ವೈಮನಸ್ಯವು ಹಣದ ನಷ್ಟಕ್ಕಿಂತ ದೊಡ್ಡದು. ಆದುದರಿಂದ ತಂತಿಯೂ ಅಳತೆಯ ಒಂದು ಅಂಗವೆಂದು ತಿಳಿಯತಕ್ಕದ್ದು.

ಸೀರಿಯಲ್ ಪದ್ಧತಿಯೆಂದರೇನು?

ಕಿರಿದಾದ ಬದುವಿನ ದಾರಿಯಲ್ಲಿ ಆಳುಗಳು ಒಬ್ಬರ ಹಿಂದೊಬ್ಬರು ಸಾಗುವಂತೆ, ಒಂದೇ ತಂತಿಯಲ್ಲಿ ಸಂಜ್ಞೆಗಳು ಒಂದರ ಹಿಂದೊಂದು ಸಾಗುವ ಪದ್ಧತಿಗೆ ಸೀರಿಯಲ್ ಪದ್ಧತಿಯೆಂದು ಹೆಸರು. ಈ ಸಂಜ್ಞೆಗಳಿಗೆ ಬಿಟ್ಟುಗಳೆಂದು ಹೆಸರು. ನಮ್ಮ ಸಾಧನಗಳಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ ೯,೬೦೦ ಬಿಟ್ಟುಗಳ ವೇಗವಿರುವುದು. ಎಂದರೆ ಒಂದೊಂದು ಬಿಟ್ಟಿಗೆ ಸೆಕೆಂಡಿನ ಹತ್ತು ಸಾವಿರದಲ್ಲಿ ಒಂದು ಪಾಲಿನಷ್ಟು ಕಾಲ ಮಾತ್ರ. ಎರಡು ಯಂತ್ರಗಳಲ್ಲಿಯೂ ವೇಗವು ಒಂದೇ ಆಗಿರತಕ್ಕದ್ದು. ನಡುವಣ ತಂತಿಯು ಈ ಸಂಜ್ಞೆಗಳನ್ನು ಮಸುಕಾಗಿಸದೆ, ಹೊರಗಿನ ವಿದ್ಯುತ್ತಿನ ಕ್ಷೋಭೆಯನ್ನು ಒಳಗೆ ಬಿಡದೆ ಮುಟ್ಟಿಸಬೇಕು.

ದೂರಕ್ಕೆ ತಕ್ಕ ಪದ್ಧತಿ

ಕೇಬಲ್ಲನ್ನು ಕೊಳ್ಳುವುದಕ್ಕೆ ಮೊದಲು ಯಂತ್ರದ ಕೈಪಿಡಿಯನ್ನು ನೋಡಿ, ಅದು ಯಾವ ಪದ್ಧತಿಯಲ್ಲಿ ಮಾತನಾಡುವುದೆಂಬುದನ್ನು ತಿಳಿದುಕೊಳ್ಳತಕ್ಕದ್ದು. ನಮ್ಮ ಕೆಲಸಕ್ಕೆ ಬರುವ ಪದ್ಧತಿಗಳು ನಾಲ್ಕು.

೧. ಟಿಟಿಎಲ್. ಇದು ೩.೩ ಅಥವಾ ೫ ವೋಲ್ಟಿನ ದುರ್ಬಲವಾದ ಸಂಜ್ಞೆ. ಒಂದೇ ಪೆಟ್ಟಿಗೆಯೊಳಗೆ ಒಂದು ಹಲಗೆಯಿಂದ ಇನ್ನೊಂದಕ್ಕೆ ಇದು ಸಾಕು. ಪೆಟ್ಟಿಗೆಯಿಂದ ಹೊರಕ್ಕೆ ಇದನ್ನು ಎಳೆಯಕೂಡದು. ಮುಂದೆ ಹೇಳುವ ಆರ್‌ಎಸ್ ೨೩೨ರ ತಂತಿಯನ್ನು ಇದಕ್ಕೆ ನೇರವಾಗಿ ಸೇರಿಸಿದರೆ ಒಳಗಿನ ಚಿಪ್ಪು ಸುಟ್ಟುಹೋಗಬಹುದು.

೨. ಆರ್‌ಎಸ್ ೨೩೨. ಅಮೆರಿಕೆಯಲ್ಲಿ ೧೯೬೦ರಲ್ಲಿ ರಚಿತವಾದ ಈ ಪದ್ಧತಿಯು ಇಂದಿಗೂ ತೂಕದ ಯಂತ್ರಗಳಲ್ಲಿ ಉಳಿದಿರುವುದು. ಕಳುಹಿಸುವುದಕ್ಕೊಂದು, ಪಡೆಯುವುದಕ್ಕೊಂದು, ಇವೆರಡಕ್ಕೂ ಸಾಮಾನ್ಯವಾದ ನೆಲೆಗೊಂದು, ಹೀಗೆ ಮೂರು ತಂತಿಗಳು ಸಾಕು. ೧೯೬೯ರ ಪರಿಷ್ಕರಣದಲ್ಲಿ ಇದಕ್ಕೆ ೫೦ ಅಡಿ, ಎಂದರೆ ಸುಮಾರು ೧೫ ಮೀಟರಿನ ಮಿತಿಯನ್ನು ಸೂಚಿಸಿದ್ದರು. ಅನಂತರದ ಪರಿಷ್ಕರಣದಲ್ಲಿ ದೂರಕ್ಕೆ ಬದಲಾಗಿ, ಕೇಬಲ್ಲು ವಿದ್ಯುತ್ತನ್ನು ಹಿಡಿದಿಟ್ಟುಕೊಳ್ಳುವ ಗುಣಕ್ಕೆ ೨,೫೦೦ ಪೈಕೋಫ್ಯಾರಡ್ ಎಂಬ ಮಿತಿಯನ್ನಿಟ್ಟರು. ಮೀಟರಿಗೆ ೧೫೦ ಪೈಕೋಫ್ಯಾರಡ್ ಇರುವ ಕೇಬಲ್ಲಾದರೆ ೧೬ ಮೀಟರಿಗೇ ಈ ಮಿತಿಯು ಮುಗಿಯುವುದು. ೫೦ ಇರುವ ಕೇಬಲ್ಲಾದರೆ ಲೆಕ್ಕದ ಪ್ರಕಾರ ೫೦ ಮೀಟರಿನವರೆಗೂ ಸಾಗಬಹುದು. ಇದರಿಂದ, ಉದ್ದದಷ್ಟೇ ಕೇಬಲ್ಲಿನ ಜಾತಿಯೂ ಮುಖ್ಯವೆಂಬುದು ವಿಶದವಾಗುವುದು. ಒಂದೇ ಕೋಣೆಯ ಕೆಲಸಕ್ಕೆ ಈ ಪದ್ಧತಿಯು ಉತ್ತಮ, ತೋಟಕ್ಕೆ ತಕ್ಕುದಲ್ಲ.

೩. ಎಸ್‌ಡಿಐ ೧೨. ಮಣ್ಣು, ಮಳೆ, ನೀರಿನ ಮಟ್ಟ ಇವುಗಳನ್ನಳೆಯುವ ಸೆನ್ಸರುಗಳಿಗಾಗಿಯೇ ೧೯೮೮ರಲ್ಲಿ ಹೊರಬಂದ ಪದ್ಧತಿ. ವಿದ್ಯುತ್ತಿಗೆ, ನೆಲೆಗೆ, ಸುದ್ದಿಗೆ ಎಂದು ಮೂರೇ ತಂತಿಗಳು. ವೇಗವು ಸೆಕೆಂಡಿಗೆ ೧,೨೦೦ ಬಿಟ್ಟು. ಒಂದೇ ಸಾಲಿಗೆ ಹತ್ತು ಸೆನ್ಸರುಗಳನ್ನು ಸೇರಿಸಬಹುದು. ಕೇಬಲ್ಲು ೬೦ ಮೀಟರಿನವರೆಗೆ ಇರಬಹುದು. ಬ್ಯಾಟರಿಯ ಖರ್ಚು ಕಡಮೆಯಾದುದರಿಂದ ಸಣ್ಣ ತಾಕುಗಳಿಗೂ ಸಸಿಮಡಿಗಳಿಗೂ ಅನುಕೂಲವಾಗಿರುವುದು.

೪. ಆರ್‌ಎಸ್ ೪೮೫. ೧೯೮೩ರಲ್ಲಿ ಬಂದ ಈ ಪದ್ಧತಿಯೇ ತೋಟಗಳಿಗೆ ಹೆಚ್ಚಾಗಿ ಒಗ್ಗುವುದು. ಇದರಲ್ಲಿ ಒಂದು ಸುದ್ದಿಯನ್ನು ಎರಡು ತಂತಿಗಳು ಸೇರಿ ಒಯ್ಯುವುವು. ಎರಡರ ನಡುವಣ ವ್ಯತ್ಯಾಸವನ್ನು ಮಾತ್ರ ಯಂತ್ರವು ನೋಡುವುದು. ಮೋಟಾರಿನ ಕ್ಷೋಭೆಯು ಎರಡು ತಂತಿಗಳಿಗೂ ಸಮನಾಗಿ ತಗಲುವುದರಿಂದ ವ್ಯತ್ಯಾಸವು ಕೆಡುವುದಿಲ್ಲ. ಮಿತವಾದ ವೇಗದಲ್ಲಿ ಸುಮಾರು ೧,೨೦೦ ಮೀಟರಿನವರೆಗೆ ಸಾಗುವುದು. ಮೂಲ ಲೆಕ್ಕದಂತೆ ಒಂದು ಸಾಲಿನಲ್ಲಿ ೩೨ ಸಾಧನಗಳನ್ನು ಕೂಡಿಸಬಹುದು.

ಕೇಬಲ್ಲಿನ ಆಯ್ಕೆ

ಮೊದಲನೆಯದಾಗಿ, ಆರ್‌ಎಸ್ ೪೮೫ಕ್ಕೆ ಹುರಿಗೊಳಿಸಿದ ಜೋಡಿತಂತಿಯೇ ಬೇಕು. ಹಗ್ಗದ ಎಳೆಗಳಂತೆ ಒಂದನ್ನೊಂದು ಸುತ್ತಿಕೊಂಡಿರುವುದರಿಂದಲೇ ಕ್ಷೋಭೆಯು ಎರಡಕ್ಕೂ ಸಮನಾಗಿ ತಗಲುವುದು. ಮನೆಯ ದೀಪಕ್ಕೆ ಎಳೆಯುವ ಬಿಡಿ ವೈರುಗಳಿಗೆ ಈ ಗುಣವಿಲ್ಲ. ಒಂದು ಜೋಡಿಯ ಎರಡು ಎಳೆಗಳನ್ನೂ ಒಂದೇ ಸುದ್ದಿಗೆ ಉಪಯೋಗಿಸತಕ್ಕದ್ದು. ಒಂದು ಎಳೆಯನ್ನು ಈ ಜೋಡಿಯಿಂದಲೂ ಇನ್ನೊಂದನ್ನು ಬೇರೆ ಜೋಡಿಯಿಂದಲೂ ತೆಗೆದುಕೊಂಡರೆ ಹುರಿಯ ಪ್ರಯೋಜನವು ಕೆಡುವುದು. ಇನ್ನೊಂದು ಜೋಡಿಯಿಂದ ಒಂದು ಎಳೆಯನ್ನು ಸಾಮಾನ್ಯ ನೆಲೆಯ ತಂತಿಯಾಗಿ ಒಯ್ಯತಕ್ಕದ್ದು. “೪೮೫ಕ್ಕೆ ಎರಡೇ ತಂತಿ ಸಾಕು” ಎಂಬ ಮಾತನ್ನು ನಂಬಿ ಇದನ್ನು ಬಿಡಕೂಡದು.

ಎರಡನೆಯದಾಗಿ, ತಾಮ್ರದ ಪರೀಕ್ಷೆ. ಅಂಗಡಿಗಳಲ್ಲಿ ಅಲ್ಯೂಮಿನಿಯಮ್ಮಿನ ಮೇಲೆ ತಾಮ್ರದ ಲೇಪ ಕೊಟ್ಟ ಅಗ್ಗದ ತಂತಿಯೂ ದೊರೆಯುವುದು. ಚಾಕುವಿನಿಂದ ಕೆರೆದರೆ ಒಳಗೆ ಬೆಳ್ಳಗೆ ಕಾಣುವುದು. ಇದರ ತಡೆಯು ಶುದ್ಧ ತಾಮ್ರಕ್ಕಿಂತ ಸುಮಾರು ಒಂದೂವರೆ ಪಾಲು ಹೆಚ್ಚು; ಬಾಗಿಸಿದರೆ ಬೇಗ ಮುರಿಯುವುದು. ತೋಟಕ್ಕೆ ಇದು ಬೇಡ.

ಮೂರನೆಯದಾಗಿ, ತಂತಿಯ ದಪ್ಪ. ಸುದ್ದಿಗೆ ಸಣ್ಣ ತಂತಿ ಸಾಕಾದರೂ ಅದೇ ಕೇಬಲ್ಲಿನಲ್ಲಿ ಸೆನ್ಸರಿಗೆ ವಿದ್ಯುತ್ತನ್ನೂ ಒಯ್ಯುವುದಾದರೆ ಲೆಕ್ಕ ಹಾಕಲೇಬೇಕು. ಪಂಪುಮನೆಯಿಂದ ೧೮೦ ಮೀಟರು ದೂರದಲ್ಲಿ ನಾಲ್ಕು ಸೆನ್ಸರುಗಳಿರುವ ಒಂದು ತೋಟವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಹೋಗುವ ಬರುವ ತಂತಿ ಸೇರಿ ೩೬೦ ಮೀಟರು. ಕಂಪ್ಯೂಟರಿನ ಜಾಲಕ್ಕೆ ಬಳಸುವ ಅರ್ಧ ಮಿಲಿಮೀಟರು ವ್ಯಾಸದ ತಂತಿಯಾದರೆ ಇದರ ತಡೆ ಸುಮಾರು ೩೦ ಓಮ್. ನಾಲ್ಕು ಸೆನ್ಸರುಗಳು ಕೂಡಿ ೦.೦೮ ಆಂಪಿಯರ್ ಎಳೆದರೆ ದಾರಿಯಲ್ಲಿ ೨.೪ ವೋಲ್ಟು ಕಳೆದು, ೧೨ ವೋಲ್ಟಿಗೆ ಬದಲು ೯.೬ ವೋಲ್ಟು ಮುಟ್ಟುವುದು. ಅರ್ಧ ಚದರ ಮಿಲಿಮೀಟರಿನ ತಂತಿಯಾದರೆ ತಡೆ ಸುಮಾರು ೧೪ ಓಮ್; ನಷ್ಟ ೧.೧ ವೋಲ್ಟು ಮಾತ್ರ. ಅದೇ ತೆಳು ತಂತಿಯಿಂದ ೦.೩ ಆಂಪಿಯರ್ ಎಳೆಯುವ ವಾಲ್ವನ್ನೂ ನಡೆಸಹೋದರೆ ೯ ವೋಲ್ಟು ದಾರಿಯಲ್ಲಿಯೇ ಕಳೆದು ವಾಲ್ವು ಅಲುಗದೆ ಕೂರುವುದು. ಆದಕಾರಣ ವಾಲ್ವಿಗೆ ಒಂದೂವರೆ ಚದರ ಮಿಲಿಮೀಟರಿನ ಬೇರೆ ತಂತಿಯನ್ನೇ ಹಾಕತಕ್ಕದ್ದು. ಅದರಲ್ಲಿ ನಷ್ಟವು ೧.೪ ವೋಲ್ಟಿನಷ್ಟೇ ಆಗುವುದು.

ನಾಲ್ಕನೆಯದಾಗಿ, ಹೊರಗಿನ ಹೊದಿಕೆ. ಕೋಣೆಯೊಳಗೆ ಸಾದಾ ಪಿವಿಸಿ ಸಾಕು. ಬಿಸಿಲಿಗೆ ಕಪ್ಪು ಪಾಲಿಥೀನಿನ ಹೊದಿಕೆಯಿರಬೇಕು. ಮಣ್ಣಿನಲ್ಲಿ ಹೂಳುವುದಕ್ಕೆ, ನೀರು ಒಳಸೇರದಂತೆ ಜೆಲ್ಲಿ ತುಂಬಿದ ಟೆಲಿಫೋನು ಕೇಬಲ್ಲು ಉತ್ತಮ. ಅದರ ತಂತಿಗಳೂ ಜೋಡಿಜೋಡಿಯಾಗಿ ಹುರಿಗೊಂಡಿರುವುವು. ಹೆಗ್ಗಣದ ಕಾಟವಿರುವಲ್ಲಿ ಉಕ್ಕಿನ ಕವಚವುಳ್ಳ ಕೇಬಲ್ಲನ್ನು ಹಾಕುವುದು, ಇಲ್ಲವೆ ಗಟ್ಟಿ ಕೊಳವೆಯೊಳಗೆ ಎಳೆಯುವುದು ಮೇಲು.

ಕನೆಕ್ಟರುಗಳು

ಕೇಬಲ್ಲು ನಡುವೆ ಕೆಡುವುದಕ್ಕಿಂತ ತುದಿಯಲ್ಲಿ ಕೆಡುವುದೇ ಹೆಚ್ಚು. ತೇವ ತಗಲಿದ ತಾಮ್ರಕ್ಕೆ ಕಿಲುಬು ಹಿಡಿಯುವುದು; ಕಿಲುಬಿನ ಮೂಲಕ ಸಂಜ್ಞೆಯು ಒಮ್ಮೆ ಹಾದು ಒಮ್ಮೆ ನಿಲ್ಲುವುದು. ಇಂಥ ದೋಷವನ್ನು ಹುಡುಕುವುದು ಪೂರ್ತಿ ಕಡಿದ ತಂತಿಯನ್ನು ಹುಡುಕುವುದಕ್ಕಿಂತ ಕಠಿಣ.

ಕೋಣೆಯೊಳಗೆ: ತೂಕದ ಯಂತ್ರಕ್ಕೂ ಕಂಪ್ಯೂಟರಿಗೂ ಒಂಬತ್ತು ಮುಳ್ಳಿನ ಕನೆಕ್ಟರು ರೂಢಿಯಲ್ಲಿರುವುದು. ಕಂಪ್ಯೂಟರಿನ ಬದಿಯಲ್ಲಿ ೨ನೆಯದು ಪಡೆಯುವುದಕ್ಕೆ, ೩ನೆಯದು ಕಳುಹಿಸುವುದಕ್ಕೆ, ೫ನೆಯದು ನೆಲೆಗೆ. ಯಂತ್ರದ ಬದಿಯಲ್ಲಿಯೂ ಇದೇ ಕ್ರಮವಿದ್ದರೆ ೨ ಮತ್ತು ೩ನ್ನು ಅಡ್ಡಹಾಯಿಸಬೇಕು. ಇಲ್ಲವಾದರೆ ಇಬ್ಬರೂ ಮಾತನಾಡಿ ಯಾರೂ ಕೇಳದಂತಾಗುವುದು. ಪಕ್ಕದ ಎರಡು ತಿರುಪುಗಳನ್ನು ತಪ್ಪದೆ ಬಿಗಿಯತಕ್ಕದ್ದು. ಹೊಸ ಕಂಪ್ಯೂಟರುಗಳಲ್ಲಿ ಈ ಕಿಂಡಿಯಿಲ್ಲದೆ ಯುಎಸ್‌ಬಿ ಪರಿವರ್ತಕವನ್ನು ಹಾಕಬೇಕಾದರೆ, ಯುಎಸ್‌ಬಿಯ ಭಾಗವನ್ನು ಚಿಕ್ಕದಾಗಿಟ್ಟು ಆರ್‌ಎಸ್ ೨೩೨ರ ಭಾಗವನ್ನು ಉದ್ದಮಾಡಿ. ಯುಎಸ್‌ಬಿಯ ಸಾದಾ ಕೇಬಲ್ಲಿನ ಮಿತಿ ೫ ಮೀಟರು. ತೂಕದ ಯಂತ್ರಕ್ಕೆ ಕಾನೂನಿನ ಪ್ರಕಾರ ಹಾಕಿದ ಮುದ್ರೆಯನ್ನು ತಂತಿಯ ನೆಪದಿಂದ ಒಡೆಯಕೂಡದು. ಹೊರಗಿನ ಕಿಂಡಿಯಿಂದಲೇ ಜೋಡಿಸಬೇಕು.

ಪೆಟ್ಟಿಗೆಯೊಳಗೆ: ತಿರುಪಿನ ಟರ್ಮಿನಲ್ಲುಗಳು ಸಾಕು. ಎಳೆಎಳೆಯಾದ ತಂತಿಯ ತುದಿಗೆ ಫೆರೂಲ್ ಎಂಬ ಕಿರುಕೊಳವೆಯನ್ನು ತೊಡಿಸಿ ಅದುಮಿ, ಅನಂತರ ತಿರುಪನ್ನು ಬಿಗಿಯತಕ್ಕದ್ದು. ತುದಿಗೆ ಸೀಸದ ಬೆಸುಗೆ ಹಾಕಿ ಬಿಗಿಯುವ ವಾಡಿಕೆಯು ಒಳ್ಳೆಯದಲ್ಲ. ಬೆಸುಗೆಯು ಮೆತ್ತಗಾದುದರಿಂದ ತಿಂಗಳುಗಳು ಕಳೆದಂತೆ ತಿರುಪು ಸಡಿಲವಾಗುವುದು.

ಬಯಲಿನಲ್ಲಿ: ಎಂ ೧೨ ಎಂಬ ದುಂಡನೆಯ, ತಿರುಪಿ ಮುಚ್ಚುವ ಕನೆಕ್ಟರುಗಳು ಯೋಗ್ಯವಾದುವು. ಅವುಗಳ ಮೇಲೆ ಐಪಿ ೬೭ ಎಂಬ ಗುರುತಿದ್ದರೆ ಧೂಳು ಒಳಹೋಗದು. ಒಂದು ಮೀಟರು ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ತಡೆಯುವುವು. ಆದರೆ ಇದು ಸದಾಕಾಲ ನೀರಿನಲ್ಲಿರುವುದಕ್ಕೆ ಹೇಳಿದ ಮಾತಲ್ಲ. ಮಣ್ಣಿನೊಳಗಿನ ಬೆಸುಗೆಗೆ ಜೆಲ್ಲಿ ತುಂಬಿದ ಕನೆಕ್ಟರುಗಳೇ ಬೇಕು; ಬರಿಯ ಟೇಪು ಸುತ್ತಿ ಹೂಳುವುದು ಒಂದು ಮಳೆಗಾಲಕ್ಕೂ ನಿಲ್ಲುವುದಿಲ್ಲ. ಬೆಸುಗೆಗಳೇ ಇಲ್ಲದಂತೆ ಅಖಂಡವಾದ ಕೇಬಲ್ಲನ್ನು ಎಳೆಯುವುದು ಎಲ್ಲಕ್ಕಿಂತ ಮೇಲು.

ಹಾಕುವ ಕ್ರಮ

ಆರ್‌ಎಸ್ ೪೮೫ರ ಸಾಲು ಒಂದು ಸಾಧನದಿಂದ ಮುಂದಿನದಕ್ಕೆ, ಅಲ್ಲಿಂದ ಮುಂದಿನದಕ್ಕೆ, ಸರದಂತೆ ಸಾಗಬೇಕೇ ಹೊರತು ಮರದ ಕೊಂಬೆಗಳಂತೆ ಕವಲೊಡೆಯಕೂಡದು. ಸಾಲಿನ ಎರಡು ಕೊನೆಗಳಲ್ಲಿ ಮಾತ್ರ ೧೨೦ ಓಮಿನ ಒಂದೊಂದು ರೆಸಿಸ್ಟರನ್ನು ಎರಡು ತಂತಿಗಳ ನಡುವೆ ಹಾಕುವುದು ನಿಯಮ. ಕಾಲುವೆಯ ನೀರು ತುದಿಯ ಏರಿಗೆ ಬಡಿದು ಹಿಂದಕ್ಕೆ ತೊನೆಯುವಂತೆ ಸಂಜ್ಞೆಯು ಹಿಂದಿರುಗದಿರಲೆಂದು ಈ ಏರ್ಪಾಟು. ೯,೬೦೦ರ ವೇಗದಲ್ಲಿ, ನೂರಿನ್ನೂರು ಮೀಟರಿನ ಸಾಲಿನಲ್ಲಿ ಇದು ಇಲ್ಲದಿದ್ದರೂ ಎಷ್ಟೋ ವೇಳೆ ಕೆಲಸ ನಡೆಯುವುದು. ರೆಸಿಸ್ಟರು ಬ್ಯಾಟರಿಯ ವಿದ್ಯುತ್ತನ್ನೂ ಸ್ವಲ್ಪ ಕುಡಿಯುವುದು. ಆದುದರಿಂದ ಸೌರಫಲಕದಿಂದ ನಡೆಯುವ ಚಿಕ್ಕ ಸಾಲುಗಳಲ್ಲಿ ತಯಾರಕರ ಸೂಚನೆಯಂತೆ ನಡೆಯಬೇಕು. ಉಳಿದ ಕಡೆ ಹಾಕುವುದೇ ಕ್ಷೇಮ.

ಎರಡು ತಂತಿಗಳಿಗೆ ಎ, ಬಿ ಎಂಬ ಗುರುತುಗಳಿರುವುವು. ಎಲ್ಲ ತಯಾರಕರೂ ಇವನ್ನು ಒಂದೇ ಅರ್ಥದಲ್ಲಿ ಬಳಸುವುದಿಲ್ಲ. ಹೊಸ ಸೆನ್ಸರು ಉತ್ತರ ಕೊಡದಿದ್ದರೆ, ಯಂತ್ರವು ಕೆಟ್ಟಿತೆಂದು ಹಿಂದಿರುಗಿಸುವುದಕ್ಕೆ ಮೊದಲು ಈ ಎರಡನ್ನು ಅದಲುಬದಲು ಮಾಡಿ ನೋಡತಕ್ಕದ್ದು; ಇದರಿಂದ ಹಾನಿಯೇನೂ ಆಗದು.

ಮೋಟಾರಿನ ಕೇಬಲ್ಲಿನೊಡನೆ ಒಂದೇ ಕಂದಕದಲ್ಲಿ ಸುದ್ದಿಯ ಕೇಬಲ್ಲನ್ನು ಹೂಳಕೂಡದು. ಕನಿಷ್ಠಪಕ್ಷ ಒಂದು ಅಡಿಯ ಅಂತರವಿರಲಿ. ದಾಟಲೇಬೇಕಾದಲ್ಲಿ ಅಡ್ಡಲಾಗಿ, ಮೂಲೆಮಟ್ಟಕ್ಕೆ ದಾಟಲಿ. ಮೋಟಾರಿನ ವೇಗವನ್ನು ಬದಲಿಸುವ ಡ್ರೈವುಗಳಿರುವಲ್ಲಿ ಕ್ಷೋಭೆಯು ಇನ್ನೂ ಹೆಚ್ಚು. ಅಲ್ಲಿ ಲೋಹದ ಹಾಳೆ ಅಥವಾ ಜಾಲರಿ ಸುತ್ತಿದ ಕೇಬಲ್ಲನ್ನು ಬಳಸಿ, ಆ ಸುತ್ತಿಗೆಯನ್ನು ಪಂಪುಮನೆಯ ಕಡೆ ಮಾತ್ರ ಭೂಮಿಗೆ ಸೇರಿಸಬೇಕು. ಎರಡು ಕಡೆಯೂ ಸೇರಿಸಿದರೆ ಎರಡು ನೆಲಗಳ ವಿದ್ಯುತ್ತಿನ ಅಂತರದಿಂದ ಅದರಲ್ಲಿಯೇ ಪ್ರವಾಹ ಹರಿಯಬಹುದು.

ಕಂದಕವು ಒಂದೂವರೆ ಅಡಿಗೆ ಕಡಮೆಯಿಲ್ಲದೆ, ನೇಗಿಲಿಗೂ ರೋಟವೇಟರಿಗೂ ಸಿಕ್ಕದಷ್ಟು ಆಳವಾಗಿರಲಿ. ಪೆಟ್ಟಿಗೆಗೆ ಕೇಬಲ್ಲು ಕೆಳಗಿನಿಂದಲೇ ಹೋಗಬೇಕು. ಹೋಗುವ ಮೊದಲು ತುಸು ಜೋಲುಬಿಟ್ಟರೆ ಮಳೆಯ ನೀರು ಅಲ್ಲಿಯೇ ತೊಟ್ಟಿಕ್ಕಿ ಹೋಗುವುದು. ಕಿಂಡಿಗಳನ್ನು ಮುಚ್ಚದಿದ್ದರೆ ಇರುವೆಗಳೂ ಹಲ್ಲಿಗಳೂ ಒಳಗೆ ಮನೆಮಾಡುವುವು. ರಸಗೊಬ್ಬರದ ಚೀಲಗಳ ಬಳಿ ಪೆಟ್ಟಿಗೆಯನ್ನು ಇಡಕೂಡದು. ಮುಂಗಾರಿಗೆ ಮುಂಚಿನ ಗುಡುಗು ಸಿಡಿಲಿನ ಕಾಲಕ್ಕಾಗಿ ಉದ್ದ ಸಾಲಿನ ಎರಡು ತುದಿಗಳಲ್ಲಿಯೂ ಸರ್ಜ್ ತಡೆಯನ್ನು ಹಾಕಿಸಿ, ಒಳ್ಳೆಯ ಅರ್ಥಿಂಗ್ ಮಾಡಿಸತಕ್ಕದ್ದು. ನೇರವಾಗಿ ಬಡಿಯುವ ಸಿಡಿಲನ್ನು ಇದು ತಡೆಯಲಾರದಾದರೂ, ಸಮೀಪದಲ್ಲಿ ಬಿದ್ದ ಸಿಡಿಲಿನಿಂದಾಗುವ ಹಾನಿಯನ್ನು ಬಹುಮಟ್ಟಿಗೆ ತಗ್ಗಿಸುವುದು.

ಒಪ್ಪಿಕೊಳ್ಳುವ ಮೊದಲು ಪರೀಕ್ಷೆ

ಕೆಲಸಗಾರನಿಗೆ ಹಣ ಸಲ್ಲಿಸುವ ಮೊದಲು ಯಜಮಾನರು ತಾವೇ ನಿಂತು ಮೂರು ಪರೀಕ್ಷೆಗಳನ್ನು ಮಾಡಿಸಬಹುದು. ಒಂದು: ವಿದ್ಯುತ್ತನ್ನು ನಿಲ್ಲಿಸಿ ಎ, ಬಿ ತಂತಿಗಳ ನಡುವಣ ತಡೆಯನ್ನು ಮೀಟರಿನಿಂದ ಅಳೆಯುವುದು. ಎರಡು ಕೊನೆಗಳಲ್ಲಿಯೂ ರೆಸಿಸ್ಟರುಗಳಿದ್ದರೆ ಸುಮಾರು ೬೦ರಿಂದ ೭೦ ಓಮ್ ಬರಬೇಕು. ೧೨೦ರ ಹತ್ತಿರ ಬಂದರೆ ಒಂದು ರೆಸಿಸ್ಟರಿಲ್ಲ, ಅಥವಾ ತಂತಿ ನಡುವೆ ಕಡಿದಿದೆ. ೪೦ರ ಹತ್ತಿರ ಬಂದರೆ ಮೂರು ಸೇರಿವೆ. ಸೊನ್ನೆಯಾದರೆ ತಂತಿಗಳು ಒಂದಕ್ಕೊಂದು ತಾಗಿವೆ. ಎರಡು: ಮೋಟಾರನ್ನು ಹತ್ತಾರು ಬಾರಿ ನಡೆಸಿ ನಿಲ್ಲಿಸುತ್ತ ಅಂಕಿಗಳು ಸ್ಥಿರವಾಗಿ ಬರುತ್ತಿವೆಯೇ ಎಂದು ನೋಡುವುದು. ಮೂರು: ಒಂದು ಸೆನ್ಸರಿನ ಕನೆಕ್ಟರನ್ನು ಬೇಕೆಂದೇ ಬಿಚ್ಚಿ, ಕಂಟ್ರೋಲರು ದೋಷವನ್ನು ಸಾರುವುದೋ ಹಳೆಯ ಅಂಕಿಯನ್ನೇ ತೋರಿಸುವುದೋ ಎಂದು ಪರೀಕ್ಷಿಸುವುದು. ಹಳೆಯ ಅಂಕಿಯನ್ನೇ ತೋರಿಸಿದರೆ ಅದನ್ನು ಸರಿಪಡಿಸುವವರೆಗೂ ಕೆಲಸವನ್ನು ಒಪ್ಪಿಕೊಳ್ಳಕೂಡದು.

ಹಾಲಿನ ಸಂಘದಲ್ಲಿ ಪ್ರತಿದಿನವೂ ಮೊದಲ ಕ್ಯಾನಿನ ತೂಕವನ್ನು ಯಂತ್ರದ ಮುಖದಲ್ಲಿಯೂ ಕಂಪ್ಯೂಟರಿನ ಪರದೆಯಲ್ಲಿಯೂ ಓದಿ ತಾಳೆ ನೋಡಿದರೆ ಸಾಕು; ಸದಸ್ಯರೆದುರಿಗೆ ಹೀಗೆ ಮಾಡುವುದರಿಂದ ಅವರ ನಂಬಿಕೆಯೂ ದೃಢವಾಗುವುದು.

ಗ್ರಾಮದ ಮುಖಂಡರಿಗೆ ವಿಜ್ಞಾಪನೆ

ಸಂಘಕ್ಕಾಗಲಿ ತೋಟಕ್ಕಾಗಲಿ ಸಾಧನಗಳಿಗೆ ದರಪಟ್ಟಿ ತರಿಸುವಾಗ, ಕೇಬಲ್ಲಿನ ಜಾತಿ, ತಾಮ್ರದ ದಪ್ಪ, ಹೊದಿಕೆ, ಕನೆಕ್ಟರಿನ ಗುರುತು ಇವೆಲ್ಲವನ್ನೂ ಬರಹದಲ್ಲಿ ಕೇಳತಕ್ಕದ್ದು. ಕೆಲಸ ಮುಗಿದ ಮೇಲೆ ಯಾವ ಬಣ್ಣದ ತಂತಿ ಯಾವುದಕ್ಕೆ, ಕಂದಕವು ಯಾವ ಬದುವಿನ ಪಕ್ಕದಲ್ಲಿ ಎಷ್ಟು ಆಳದಲ್ಲಿ ಹೋಗಿದೆ, ಬೆಸುಗೆಗಳು ಎಲ್ಲೆಲ್ಲಿವೆ ಎಂಬುದನ್ನು ಬರೆದ ಒಂದು ನಕ್ಷೆಯನ್ನು ಪೆಟ್ಟಿಗೆಯ ಬಾಗಿಲ ಒಳಬದಿಗೆ ಅಂಟಿಸಿಡಬೇಕು. ಕೆಲಸಗಾರನು ಊರು ಬಿಟ್ಟು ಹೋದ ಮೇಲೆ ಈ ಕಾಗದವೇ ದಾರಿ ತೋರಿಸುವುದು. ಅದೇ ಜಾತಿಯ ಹತ್ತಿಪ್ಪತ್ತು ಮೀಟರು ಕೇಬಲ್ಲನ್ನೂ ನಾಲ್ಕಾರು ಕನೆಕ್ಟರುಗಳನ್ನೂ ಮನೆಯಲ್ಲಿ ಇಟ್ಟುಕೊಂಡಿದ್ದರೆ, ನೀರು ಕೊಡಬೇಕಾದ ದಿನ ಪೇಟೆಗೆ ಅಲೆಯಬೇಕಾಗಿಲ್ಲ. ವರ್ಷಕ್ಕೆ ಎರಡು ಸಲ, ಮುಂಗಾರಿಗೆ ಮುಂಚೆ ಒಮ್ಮೆ ಹಾಗೂ ಹಿಂಗಾರು ಕಳೆದ ಮೇಲೆ ಒಮ್ಮೆ, ಎಲ್ಲ ಕನೆಕ್ಟರುಗಳನ್ನೂ ಬಿಚ್ಚಿ ಕಿಲುಬನ್ನು ನೋಡಿ ತಿರುಪುಗಳನ್ನು ಬಿಗಿಯಿಸುವುದನ್ನು ಬಾವಿಯ ಹೂಳೆತ್ತುವಂತೆಯೇ ಬೇಸಾಯದ ಒಂದು ವಾಡಿಕೆಯಾಗಿ ಇಟ್ಟುಕೊಳ್ಳಬೇಕೆಂದು ಕೋರುತ್ತೇವೆ.